ಸೂಪರ್‌ಕಾರೋ ಹಳೆಯ ಪಿಕಪ್ಪೋ: ಸಂಗ್ರಹಕ್ಕೆ ಕೊಳ್ಳುವ ಮುನ್ನ ಎರಡನ್ನೂ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

1948ರ ಷೆವರ್ಲೆ 3100 ಪಿಕಪ್ಪಿನಲ್ಲಿರುವುದು 216 ಘನ ಇಂಚಿನ, ಅಂದರೆ ಸುಮಾರು 3.5 ಲೀಟರಿನ ಆರು ಸಿಲಿಂಡರ್ ಎಂಜಿನ್. ನಿಮಿಷಕ್ಕೆ 3,300 ಸುತ್ತಿನಲ್ಲಿ ಅದು ಕೊಡುವುದು 90 ಅಶ್ವಶಕ್ತಿ. ಫೆರಾರಿ 458 ಇಟಾಲಿಯಾದ 4.5 ಲೀಟರಿನ ವಿ8 ಎಂಜಿನ್ 9,000 ಸುತ್ತಿನಲ್ಲಿ 570 ಅಶ್ವಶಕ್ತಿ ಕೊಡುತ್ತದೆ. ವೇಗವನ್ನೇ ಅಳೆಯುವುದಾದರೆ ಇಲ್ಲಿಗೆ ಮಾತು ಮುಗಿಯಿತು. ಆದರೆ ಸಂಗ್ರಹಕಾರರ ಎದುರಿರುವ ಪ್ರಶ್ನೆ ಬೇರೆ. ಇರುವುದು ಒಂದೇ ಗ್ಯಾರೇಜು, ಒಂದೇ ಗಂಟು, ಮುಂದಿನ ಹತ್ತು ವರ್ಷ. ಇವೆರಡರಲ್ಲಿ ಯಾವುದನ್ನು ತಂದರೆ ಕೈ ಸುಟ್ಟುಕೊಳ್ಳದೆ ಉಳಿಸಿಕೊಳ್ಳಬಹುದು?

ಇದಕ್ಕೆ ಉತ್ತರ ಹುಡುಕುವ ಮೊದಲು ಒಂದು ವಿಷಯ ಮನಸ್ಸಿಗೆ ಹತ್ತಬೇಕು. ಈ ಎರಡು ವಾಹನಗಳು ಮುದಿಯಾಗುವ ರೀತಿಯೇ ಬೇರೆ. ಪಿಕಪ್ ಮುದಿಯಾಗುವುದು ತಗಡಿನಲ್ಲಿ. ಸೂಪರ್‌ಕಾರ್ ಮುದಿಯಾಗುವುದು ಸೀಲು, ಸೆನ್ಸರು, ರಬ್ಬರು ಮತ್ತು ಕಂಟ್ರೋಲ್ ಯೂನಿಟ್‌ಗಳಲ್ಲಿ. ತಗಡನ್ನು ಒಬ್ಬ ಒಳ್ಳೆಯ ಟಿಂಕರ್ ಕತ್ತರಿಸಿ ಬೆಸೆದು ಹೊಸದು ಮಾಡಬಲ್ಲ. ಕಂಟ್ರೋಲ್ ಯೂನಿಟ್ಟನ್ನು ಕಾರ್ಖಾನೆಯವರೇ ಕೊಡಬೇಕು, ಕೊಟ್ಟ ಮೇಲೆ ಆ ಕಾರಿಗೆ ಅವರೇ ಜೋಡಿಸಿ ಕೋಡ್ ಮಾಡಬೇಕು. ಹಾಗಾಗಿ ಒಂದಕ್ಕೆ ಬೇಕಾದ ಪರೀಕ್ಷೆ ಇನ್ನೊಂದಕ್ಕೆ ಸಾಲದು. ಮುಂದಿನ ಹಂತಗಳೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿವೆ.

ಹಂತ 1: ಜಾಗ ಮತ್ತು ಓಡಾಟದ ಲೆಕ್ಕ

ಟೇಪು ಹಿಡಿದು ಶುರು ಮಾಡಿ. ಫೆರಾರಿ 458 ಉದ್ದ 4,527 ಮಿ.ಮೀ., ಅಗಲ 1,937 ಮಿ.ಮೀ., ಎತ್ತರ 1,213 ಮಿ.ಮೀ. ಎತ್ತರ ಕಡಿಮೆ, ಆದರೆ ಉದ್ದನೆಯ ಬಾಗಿಲು ತೆರೆದು ಇಳಿಯಲು ಎರಡೂ ಬದಿಗೆ 80 ಸೆಂ.ಮೀ. ಬಿಡಬೇಕು. ಗ್ಯಾರೇಜಿನ ಬಾಗಿಲಲ್ಲಿ ಇಳಿಜಾರಿದ್ದರೆ ಮುಂಭಾಗದ ತುಟಿ ನೆಲಕ್ಕೆ ತಾಗುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಮುಂಭಾಗವನ್ನು ಮೇಲೆತ್ತುವ ಹೈಡ್ರಾಲಿಕ್ ಲಿಫ್ಟರ್ ಇರುವ ಕಾರುಗಳಿವೆ. ಆದರೆ ಹಳತಾದಾಗ ಸೋರುವ ಭಾಗಗಳಲ್ಲಿ ಅದೂ ಒಂದು. ಅರ್ಧ ಟನ್ನಿನ (ಅಷ್ಟು ಭಾರ ಹೊರುವ ವರ್ಗದ) ಪಿಕಪ್ಪಿಗೆ ಸುಮಾರು 5 ಮೀಟರ್ ಉದ್ದದ ಜಾಗ ಸಾಕು, ಎತ್ತರ ಮಾತ್ರ ಹೆಚ್ಚು ಬೇಕು.

ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಎಂಥ ರಸ್ತೆಯಲ್ಲಿ ಎಂಬುದನ್ನೂ ಬರೆದಿಡಿ. ಷೆವರ್ಲೆ 3100ರ ಹಿಂದಿನ ಆಕ್ಸಲ್ ಅನುಪಾತ 4.11, ಅಂದರೆ ಚಕ್ರ ಒಮ್ಮೆ ತಿರುಗಲು ಪ್ರೊಪೆಲ್ಲರ್ ಶಾಫ್ಟ್ 4.11 ಸುತ್ತು ತಿರುಗಬೇಕು. ಅದರ 16 ಇಂಚಿನ ಟೈರಿನೊಂದಿಗೆ ಲೆಕ್ಕ ಹಾಕಿದರೆ 2,500 ಸುತ್ತಿಗೆ ಗಂಟೆಗೆ ಸುಮಾರು 80 ಕಿ.ಮೀ. ಸಿಗುತ್ತದೆ. ನೆಮ್ಮದಿಯ ಓಟದ ಮಿತಿ ಅಷ್ಟೇ. ಹೆದ್ದಾರಿಯಲ್ಲಿ ಲಾರಿಗಳೂ ಹಿಂದೆ ಹಾಕಿ ಹೋಗುತ್ತವೆ. ಅನುಪಾತ ಬದಲಿಸೋಣ ಎಂದರೆ 1954ರವರೆಗಿನ ಅರ್ಧ ಟನ್ ಷೆವರ್ಲೆಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ, ಕೆಲಸ ಸುಲಭವಲ್ಲ. ತಿಂಗಳಿಗೊಮ್ಮೆ ದೂರದ ಊರಿಗೆ ಹೋಗುವ ಆಸೆ ಇದ್ದರೆ ಇದು ನಿಮ್ಮ ವಾಹನವಲ್ಲ. ಎರಡು ವಾರ ನಿಲ್ಲಿಸಿದ್ದು ಕೀಲಿ ತಿರುಗಿಸಿದೊಡನೆ ತಕರಾರಿಲ್ಲದೆ ಹೊರಡಬೇಕು, ನಗರದ ದಟ್ಟಣೆಯಲ್ಲಿ ಕ್ಲಚ್ ಸವೆಯಬಾರದು ಎಂದರೆ ಸೂಪರ್‌ಕಾರೂ ಆಗದು.

ಹಂತ 2: ಮಾಡೆಲ್ ಆಯ್ಕೆ

"ಹಳೆಯ ಪಿಕಪ್" ಎಂದು ಹುಡುಕಬೇಡಿ. ವರ್ಷ ಮತ್ತು ಎಂಜಿನ್ ನಿಗದಿ ಮಾಡಿಕೊಂಡು ಹುಡುಕಿ. ಕೆಲವು ವರ್ಷಗಳ ನಡುವಿನ ವ್ಯತ್ಯಾಸ ದೊಡ್ಡದು.

ಷೆವರ್ಲೆಯ ಅಡ್ವಾನ್ಸ್ ಡಿಸೈನ್ ಸಾಲು 1947ರ ಮಧ್ಯದಿಂದ 1955ರ ಆರಂಭದವರೆಗೆ ಬಂತು. 1953ರವರೆಗಿನ ಅರ್ಧ ಟನ್ ಗಾಡಿಗಳಲ್ಲಿ 216 ಎಂಜಿನ್. ಅದರ ಕನೆಕ್ಟಿಂಗ್ ರಾಡ್ ಬೇರಿಂಗುಗಳು ಬ್ಯಾಬಿಟ್ ಎಂಬ ಮೆದು ಮಿಶ್ರಲೋಹದ ಎರಕ ಹೊಯ್ದವು. ರಾಡಿನ ತುದಿಯ ಸೌಟು ಆಯಿಲ್ ತೊಟ್ಟಿಯಲ್ಲಿ ಮುಳುಗೇಳುತ್ತ ಬೇರಿಂಗಿಗೆ ಎಣ್ಣೆ ಮುಟ್ಟಿಸುತ್ತದೆ. ಗಂಟೆಗೆ 90 ಕಿ.ಮೀ.ಗಿಂತ ಮೇಲೆ ತಾಸುಗಟ್ಟಲೆ ಓಡಿಸಿದರೆ ಬ್ಯಾಬಿಟ್ ತಾಳದು. 1954ರಲ್ಲಿ ಬಂದ 235 ಎಂಜಿನ್ನಿನಲ್ಲಿ ಎಣ್ಣೆಯನ್ನು ಪಂಪೇ ಒತ್ತಡದಿಂದ ಬೇರಿಂಗಿಗೆ ಕಳಿಸುತ್ತದೆ. ಆ ವರ್ಷವೇ ಮುಂಗಾಜು ಎರಡು ತುಂಡಿನಿಂದ ಒಂದೇ ತುಂಡಾಯಿತು, ಗ್ರಿಲ್ ಬದಲಾಯಿತು. ಓಡಿಸುವವರಿಗೆ 1954 ವಾಸಿ. ಸಂಗ್ರಹದ ದೃಷ್ಟಿಯಿಂದ ಬೇಡಿಕೆ ಇರುವುದು ಕ್ಯಾಬಿನ ಹಿಂದಿನ ಮೂಲೆಗಳಲ್ಲೂ ಗಾಜಿರುವ ಐದು ಕಿಟಕಿಯ ಮಾದರಿಗೆ.

ಫೋರ್ಡಿನಲ್ಲಿ 1953ಕ್ಕೆ ಎಫ್-1 ಹೋಗಿ ಎಫ್-100 ಬಂತು. 239 ಘನ ಇಂಚಿನ ಫ್ಲಾಟ್‌ಹೆಡ್ (ವಾಲ್ವುಗಳು ಬ್ಲಾಕಿನಲ್ಲೇ ಇರುವ) ವಿ8 ಅಮೆರಿಕದ ಫೋರ್ಡ್ ಪಿಕಪ್ಪುಗಳಲ್ಲಿ ಕಂಡ ಕೊನೆಯ ವರ್ಷವೂ ಅದೇ. 1954ರಿಂದ ವೈ-ಬ್ಲಾಕ್ ಎಂಬ ಹೊಸ ವಿ8. 1956ರದ್ದು ವಿಶೇಷ: ಪಕ್ಕಕ್ಕೂ ಬಾಗಿ ಸುತ್ತಿಕೊಂಡ ಮುಂಗಾಜು, 12 ವೋಲ್ಟ್, ಆ ಒಂದು ವರ್ಷಕ್ಕೆ ಮಾತ್ರ ಹೊಂದುವ ಕ್ಯಾಬು ಮತ್ತು ಬಾಗಿಲು. ಅದರ ಬೆಲೆ ಏರಲು ಇದೇ ಕಾರಣ, ಬಾಗಿಲು ತುಕ್ಕು ಹಿಡಿದಿದ್ದರೆ ನೀವು ಅಲೆಯುವುದಕ್ಕೂ ಇದೇ ಕಾರಣ. ಡಾಡ್ಜ್ ಪವರ್ ವ್ಯಾಗನ್ 1946ರಲ್ಲಿ ಎರಡನೇ ಮಹಾಯುದ್ಧದ ಸೇನಾ ಟ್ರಕ್ಕಿನ ಮೈಯಿಂದಲೇ ಹುಟ್ಟಿದ್ದು. ಗಟ್ಟಿ ಗಾಡಿ, ಆದರೆ ಗಂಟೆಗೆ 70-80 ಕಿ.ಮೀ. ದಾಟುವ ಮನಸ್ಸು ಅದಕ್ಕಿಲ್ಲ.

ಸೂಪರ್‌ಕಾರಿನ ಆಯ್ಕೆಯಲ್ಲಿ ಕೇಳಬೇಕಾದ ಪ್ರಶ್ನೆ ಮೂರು. ಎಷ್ಟು ತಯಾರಾಗಿವೆ? ಕೈಗೇರ್ ಇದೆಯೇ? ಬಿಡಿಭಾಗ ಇನ್ನಾವ ಕಾರಿನೊಂದಿಗೆ ಹಂಚಿಕೆಯಾಗಿದೆ? ಪೋರ್ಷೆ ಕರೆರಾ ಜಿಟಿ 1,270, 2005-06ರ ಫೋರ್ಡ್ ಜಿಟಿ 4,038, ಲ್ಯಾಂಬೊರ್ಗಿನಿ ಗಲ್ಲಾರ್ಡೊ 14,022 ತಯಾರಾದವು. ಮೊದಲ ಎರಡು ಕೈಗೇರಿನವೇ. 458ರಲ್ಲಿ ಕೈಗೇರ್ ಬರಲೇ ಇಲ್ಲ. ಗಲ್ಲಾರ್ಡೊದಲ್ಲಿ ಎರಡೂ ಇದ್ದವು, ಕೊಂಡವರು ಹೆಚ್ಚಾಗಿ ಆರಿಸಿದ್ದು ಕ್ಲಚ್ಚನ್ನು ಯಂತ್ರವೇ ಒತ್ತುವ ಇ-ಗೇರ್; ಅದಕ್ಕೇ ಇಂದು ಕೈಗೇರಿನದಕ್ಕೆ ಬೆಲೆ. ಇನ್ನು ಗಲ್ಲಾರ್ಡೊ ಮತ್ತು ಆಡಿ ಆರ್8ರ ವಿ10 ಎಂಜಿನ್ನುಗಳು ಒಂದೇ ಕುಟುಂಬದವು. ಇಂಥ ನೆಂಟಸ್ತಿಕೆ ಇರುವ ಕಾರನ್ನು ಇಪ್ಪತ್ತು ವರ್ಷದ ಮೇಲೂ ರಿಪೇರಿ ಮಾಡಬಹುದು. ಕೆಲವೇ ನೂರು ತಯಾರಾದ ಹೈಬ್ರಿಡ್ ಕಾರು ಎಷ್ಟೇ ಅಪರೂಪವಾದರೂ ಅದರ ಹೈ ವೋಲ್ಟೇಜ್ ಬ್ಯಾಟರಿ ಹೋದ ದಿನ ತಯಾರಕರ ಬಾಗಿಲಿಗೇ ಹೋಗಬೇಕು. ಮೊದಲ ಬಾರಿ ಸಂಗ್ರಹಕ್ಕೆ ಕೊಳ್ಳುವವರು ಹೈಬ್ರಿಡ್ ಬಿಡುವುದೇ ಒಳ್ಳೆಯದು.

ಹಂತ 3: ಕಾಗದಪತ್ರ

ಪಿಕಪ್ಪಿನ ಕಾಗದದಲ್ಲಿ ಮೊದಲು ನೋಡಬೇಕಾದ್ದು, ದಾಖಲೆಯಲ್ಲಿರುವ ಸಂಖ್ಯೆ ಯಾವುದು ಎಂದು. ಅಮೆರಿಕದ ಹಲವು ರಾಜ್ಯಗಳಲ್ಲಿ ಆ ಕಾಲದ ವಾಹನಗಳನ್ನು ಎಂಜಿನ್ ಸಂಖ್ಯೆಯ ಮೇಲೇ ನೋಂದಾಯಿಸುತ್ತಿದ್ದರು. ಎಪ್ಪತ್ತು ವರ್ಷದಲ್ಲಿ ಎರಡು ಬಾರಿ ಎಂಜಿನ್ ಬದಲಾಗಿದ್ದರೆ ಕಾಗದದ ಸಂಖ್ಯೆ ಗಾಡಿಯಲ್ಲಿ ಎಲ್ಲೂ ಸಿಗದು. ಷೆವರ್ಲೆಯಲ್ಲಿ ಚಾಲಕನ ಬಾಗಿಲ ಕಂಬದ ಮೇಲೆ ಸಂಖ್ಯೆಯ ಫಲಕ ಇರುತ್ತದೆ. ಸ್ಕ್ರೂ ಬಿಚ್ಚಿದರೆ ಬರುವ ತಗಡು ಅದು. ಸುತ್ತಲಿನ ಬಣ್ಣ, ಸ್ಕ್ರೂ ತಲೆಗಳ ಮೇಲಿನ ಗೀರು ಗಮನಿಸಿ. ಫೋರ್ಡ್ ಎಫ್-100ರಲ್ಲಿ ಫ್ರೇಮಿನ ಮೇಲೂ ಸಂಖ್ಯೆ ಒತ್ತಿರುತ್ತದೆ. ತಂತಿ ಬ್ರಷ್ಷಿನಿಂದ ನಯವಾಗಿ ಉಜ್ಜಿ ಓದಿ. ಫ್ರೇಮನ್ನೇ ಬದಲಿಸಿ ಹೊಸ ಕಾಲದ ಸಣ್ಣ ಪಿಕಪ್ಪಿನ ಫ್ರೇಮಿನ ಮೇಲೆ ಹಳೆಯ ಕ್ಯಾಬು ಕೂರಿಸಿದ ಗಾಡಿಗಳು ಬಹಳ ಇವೆ. ಓಡಿಸಲು ಹಿತವೇ, ಆದರೆ ಅದು ಬೇರೆ ಸರಕು. ಅಸಲಿಯ ಬೆಲೆ ಕೊಡಬೇಡಿ.

ಎಂಜಿನ್ ಆ ಗಾಡಿಯ ಕಾಲದ್ದೇ ಎಂದು ತಿಳಿಯಲು ಎರಕದ ದಿನಾಂಕ ಓದಿ. ಜನರಲ್ ಮೋಟರ್ಸ್ ಬ್ಲಾಕುಗಳಲ್ಲಿ ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ (ಎ ಎಂದರೆ ಜನವರಿ, ಎಲ್ ಎಂದರೆ ಡಿಸೆಂಬರ್), ಬಳಿಕ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ದಿನಾಂಕವು ಗಾಡಿಗಿಂತ ಕೆಲವು ವಾರ ಹಿಂದಿನದಾಗಿದ್ದರೆ ಸರಿ, ಗಾಡಿಗಿಂತ ಈಚಿನದಾಗಿದ್ದರೆ ಎಂಜಿನ್ ಬೇರೆಯದು. ಮೈಯಲ್ಲಿರುವ ಗುರುತುಗಳೂ ಸಾಕ್ಷಿ ಹೇಳುತ್ತವೆ. ಷೆವರ್ಲೆ ಬಾಗಿಲಲ್ಲಿ ಗಾಳಿಗೆಂದು ತಿರುಗುವ ಸಣ್ಣ ತ್ರಿಕೋನ ಕಿಟಕಿ ಬಂದದ್ದು 1951ರಲ್ಲಿ, ಗುಂಡಿ ಒತ್ತುವ ಹಿಡಿಕೆ 1952ರಲ್ಲಿ. 1949 ಎಂದು ಮಾರುವ ಗಾಡಿಯಲ್ಲಿ ಇವು ಕಂಡರೆ ಬಾಗಿಲು ಬೇರೆ ಗಾಡಿಯದು.

ಸೂಪರ್‌ಕಾರಿನ ಕಾಗದ ಎಂದರೆ ಸರ್ವಿಸ್ ದಾಖಲೆ. ಕಿ.ಮೀ. ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಗಿರಬೇಕು. ಫೆರಾರಿ 458ರಂಥ ಕಾರುಗಳಿಗೆ ತಯಾರಕರೇ ಏಳು ವರ್ಷದ ಸರ್ವಿಸ್ ಯೋಜನೆ ಕೊಟ್ಟಿದ್ದರಿಂದ ಆ ಅವಧಿಯಲ್ಲಿ ಒಂದು ವರ್ಷ ತಪ್ಪಿದ್ದರೂ ಕಾರಣ ಕೇಳಲೇಬೇಕು. ರೀಕಾಲ್ ಕೆಲಸ (ದೋಷ ಕಂಡ ಕಾರುಗಳನ್ನು ತಯಾರಕರೇ ಕರೆಸಿ ಸರಿಪಡಿಸುವುದು) ಆಗಿದೆಯೇ ಎಂದು ಚಾಸಿಸ್ ಸಂಖ್ಯೆ ಕೊಟ್ಟು ಅಧಿಕೃತ ಡೀಲರಲ್ಲಿ ಖಚಿತಪಡಿಸಿಕೊಳ್ಳಿ. 2010ರಲ್ಲಿ 458ರ ಹಿಂಚಕ್ರದ ಕಮಾನಿನಲ್ಲಿ ಶಾಖ ತಡೆಯುವ ತಗಡನ್ನು ಅಂಟಿಸಿದ್ದ ಗೋಂದಿಗೇ ಬೆಂಕಿ ಹೊತ್ತುವ ಅಪಾಯ ಕಂಡು, ಗೋಂದಿನ ಬದಲು ರಿವೆಟ್ ಹಾಕಿಕೊಟ್ಟರು. ಕರೆರಾ ಜಿಟಿಗೆ 2023ರಲ್ಲಿ ಸಸ್ಪೆನ್ಷನ್ ಕೀಲುಗಳ ದೋಷಕ್ಕಾಗಿ ರೀಕಾಲ್ ಬಂತು. ಅಷ್ಟು ವರ್ಷದ ಬಳಿಕವೂ ರೀಕಾಲ್ ಬರಬಹುದು.

ಇಲ್ಲಿ ಎಡವುವವರು ಬಹಳ. "ಎಂಜಿನ್ ಬದಲಾಗಿದೆ" ಎಂಬ ಸಾಲು ಕಂಡೊಡನೆ ಪಿಕಪ್ಪಿನ ಹಾಗೆ ಕಾರನ್ನೂ ತಳ್ಳಿಹಾಕಬೇಡಿ. 2014ರ ಪೋರ್ಷೆ 911 ಜಿಟಿ3 ಕಾರುಗಳಲ್ಲಿ ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗಿ ಬೆಂಕಿ ಬಿದ್ದದ್ದರಿಂದ ತಯಾರಕರೇ ಎಂಜಿನ್ ಬದಲಿಸಿಕೊಟ್ಟರು. ಆ ಕಾರಿನಲ್ಲಿ ಬದಲಾದ ಎಂಜಿನ್ನೇ ಆಗಬೇಕಾದ್ದು. ಯಾರು, ಯಾಕೆ ಬದಲಿಸಿದರು ಎಂಬ ಕಾಗದ ಇದ್ದರೆ ಸಾಕು.

ಹಂತ 4: ಪಿಕಪ್ಪಿನ ಮೈ ತಡಕುವುದು

ಬೇಕಾದ ಸಾಮಾನು: ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚು, ಮೊಂಡ ಸ್ಕ್ರೂಡ್ರೈವರ್, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜು, ಮಲ್ಟಿಮೀಟರ್, ಜಾಕು ಮತ್ತು ಎರಡು ಗಟ್ಟಿ ಸ್ಟ್ಯಾಂಡು, ಮಲಗಲು ಒಂದು ಹಲಗೆ. ಅರ್ಧ ದಿನ ಬಿಡುವು ಮಾಡಿಕೊಳ್ಳಿ.

ಮೊದಲು ಕ್ಯಾಬಿನ ಹಿಂಬದಿಯ ಕೆಳಮೂಲೆಗಳು. ಮಳೆನೀರು, ಧೂಳು ಒಳಗೆ ಸೇರಿ ಹೊರಬರಲು ದಾರಿಯಿಲ್ಲದ ಜಾಗ ಅದು, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ಬೊಬ್ಬೆ ಕಂಡಾಗ ಒಳಗೆ ತಗಡೇ ಉಳಿದಿರುವುದಿಲ್ಲ. ಅಯಸ್ಕಾಂತ ಅಲ್ಲಿ ಹಿಡಿಯದೆ ಜಾರಿದರೆ ಬಣ್ಣದಡಿ ಇರುವುದು ಪುಟ್ಟಿ. ಅಲ್ಲಿಂದ ಬಾಗಿಲ ಕೆಳಗಿನ ಪಟ್ಟಿ, ಬಾಗಿಲಿನ ತಳ, ಕಾಲಿಡುವ ನೆಲ, ಮುಂಗಾಜಿನ ಕೆಳಗಿನ ಪಕ್ಕಗಳು, ಕ್ಯಾಬನ್ನು ಫ್ರೇಮಿಗೆ ಕೂರಿಸಿದ ಬುಷ್ ಇರುವ ತಾಣಗಳು, ಹೀಗೆ ಒಂದೊಂದೇ ಬನ್ನಿ. ನೆಲದ ಮ್ಯಾಟು ಎತ್ತಲು ಮಾರುವವರು ಒಪ್ಪದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಬಾಗಿಲು ತೆರೆದು ತುದಿ ಹಿಡಿದು ಮೇಲೆತ್ತಿ ನೋಡಿ. ಆಡಿದರೆ ಕೀಲಿನ ಪಿನ್ನು ಸವೆದಿರಬಹುದು, ಅದು ಸಣ್ಣ ಕೆಲಸ. ಕಂಬವೇ ಅಲುಗಿದರೆ ದೊಡ್ಡ ಕೆಲಸ.

ಈಗ ಕೆಳಗೆ ಮಲಗಿ. ಫ್ರೇಮನ್ನು ಸ್ಕ್ರೂಡ್ರೈವರಿನಿಂದ ಒತ್ತುತ್ತ ಹೋಗಿ. ಸ್ಪ್ರಿಂಗ್ ಪಟ್ಟಿಗಳು ತೂಗುವ ಬ್ರಾಕೆಟ್, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಕ್ಯಾಬಿನ ಹಿಂದೆ ಡಾಲೆ (ಸರಕು ಹೇರುವ ತೆರೆದ ಹಿಂಭಾಗ) ಶುರುವಾಗುವ ಭಾಗ, ಈ ಮೂರರಲ್ಲಿ ಬಿರುಕು ಅಥವಾ ಅಡ್ಡಾದಿಡ್ಡಿ ವೆಲ್ಡಿಂಗ್ ಹುಡುಕಿ. ಹೆಚ್ಚು ಭಾರ ಹೊತ್ತ ಗಾಡಿಗಳಲ್ಲಿ ಫ್ರೇಮ್ ಕ್ಯಾಬಿನ ಹಿಂದೆಯೇ ಬಾಗುತ್ತದೆ. ಕ್ಯಾಬು ಮತ್ತು ಡಾಲೆಯ ನಡುವಿನ ಸಂದು ಮೇಲೊಂದು ಕೆಳಗೊಂದು ಅಗಲವಿದ್ದರೆ ಅದೇ ಸುಳಿವು. ಡಾಲೆಯ ಹಲಗೆಗಳಿಗೆ ಷೆವರ್ಲೆಯವರು ಹಾಕುತ್ತಿದ್ದುದು ಹಳದಿ ಪೈನ್. ವಾರ್ನಿಷ್ ಹೊಳೆಯುವ ಓಕ್ ಕಣ್ಣಿಗೆ ಚೆಂದ, ಆದರೆ ಅದನ್ನು ಅಸಲಿ ಎಂದು ಬೆಲೆ ಕಟ್ಟಲಾಗದು. ಹಲಗೆ ಬದಲಿಸುವುದು ವಾರಾಂತ್ಯದ ಕೆಲಸ, ಚಿಂತೆ ಬೇಡ.

ಎಂಜಿನ್ನನ್ನು ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ತಣ್ಣಗಾಗುವವರೆಗೆ ಕಾಯಿರಿ. ಡಿಪ್‌ಸ್ಟಿಕ್ಕಿನಲ್ಲಿ ಹಾಲುಬಣ್ಣ ಕಂಡರೆ ನೀರು ಆಯಿಲಿಗೆ ಸೇರಿದೆ, ಗ್ಯಾಸ್ಕೆಟ್ ಹೋಗಿರಬಹುದು ಅಥವಾ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳಿರಬಹುದು. ಓಡಿಸಿ ಬಿಸಿಯಾದ ಮೇಲೆ ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು, ಪ್ರತಿ ಸಿಲಿಂಡರಿಗೂ ಐದಾರು ಸುತ್ತು ತಿರುಗಿಸಿ ಕಂಪ್ರೆಶನ್ ಅಳೆಯಿರಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಯ ನಡುವೆ 15 ಶೇಕಡಕ್ಕಿಂತ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು.

ಆಯಿಲ್ ಒತ್ತಡದ ವಿಷಯದಲ್ಲಿ 216 ಎಂಜಿನ್ನಿಗೆ ಅನ್ಯಾಯ ಮಾಡಬೇಡಿ. ಅದರ ಗೇಜು ಇರುವುದೇ 30 ಪಿಎಸ್‌ಐವರೆಗೆ. ಓಡುವಾಗ 14ರ ಸುತ್ತಮುತ್ತ ತೋರಿಸಿದರೆ ಆರೋಗ್ಯವಾಗಿದೆ. ಆಕ್ಸಿಲರೇಟರ್ ಬಿಟ್ಟ ಕ್ಷಣ ಕೆಳಗಿನಿಂದ ಟಕಟಕ ಸದ್ದು ಬಂದರೆ ಮಾತ್ರ ಬ್ಯಾಬಿಟ್ ಸವೆದಿದೆ. ಬ್ಯಾಬಿಟ್ ಎರಕ ಹೊಯ್ಯಬಲ್ಲವರು ವಿರಳ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಫೋರ್ಡ್ ವೈ-ಬ್ಲಾಕಿನಲ್ಲಿ ರೋಗ ಬೇರೆ. ವಾಲ್ವ್ ಒತ್ತುವ ರಾಕರುಗಳಿಗೆ ಎಣ್ಣೆ ಏರುವ ದಾರಿ ಕ್ಯಾಮ್ ಬೇರಿಂಗಿನ ಬಳಿ ಕಟ್ಟಿಕೊಳ್ಳುತ್ತದೆ. ವಾಲ್ವ್ ಕವರ್ ತೆಗೆದು ಎಂಜಿನ್ ಓಡಿಸಿ ರಾಕರ್ ಒದ್ದೆಯಾಗುತ್ತದೆಯೇ ನೋಡಿ. ಹೊರಗಿನಿಂದ ಒಂದು ಸಣ್ಣ ಕೊಳವೆ ಎಳೆದು ರಾಕರಿಗೆ ಎಣ್ಣೆ ಕೊಟ್ಟಿದ್ದರೆ ಒಳಗಿನ ರೋಗ ಹಾಗೇ ಇದೆ ಎಂದರ್ಥ.

ಬ್ರೇಕು ಜೀವದ ಪ್ರಶ್ನೆ. ನಾಲ್ಕೂ ಚಕ್ರಕ್ಕೆ ಡ್ರಮ್ಮು, ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಪೆಡಲನ್ನು ಒಂದು ನಿಮಿಷ ಒತ್ತಿಹಿಡಿಯಿರಿ, ನಿಧಾನವಾಗಿ ಕೆಳಗಿಳಿದರೆ ಸಿಲಿಂಡರ್ ಬದಲಿಸಲೇಬೇಕು. ಎರಡು ಕೋಣೆಯ ಸಿಲಿಂಡರ್ ಹಾಕಿದ್ದರೆ ಅಸಲಿತನ ಹೋಯಿತೆಂದು ಬೆಲೆ ಕಡಿಯಬೇಡಿ, ಅದು ಬುದ್ಧಿವಂತರ ಕೆಲಸ. ಮುಂಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಿಹಿಡಿಯಲು ಹೇಳಿ. ಆಟ ನಿಂತರೆ ಚಕ್ರದ ಬೇರಿಂಗು, ನಿಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕಿಂಗ್‌ಪಿನ್.

ವೈರಿಂಗಿಗೆ ಬರೋಣ. 1955ರವರೆಗಿನ ಹೆಚ್ಚಿನ ಪಿಕಪ್ಪುಗಳು 6 ವೋಲ್ಟಿನವು. ಹಳೆಯ ಫೋರ್ಡುಗಳಲ್ಲಿ ಬ್ಯಾಟರಿಯ ಧನ ತುದಿ ಮೈಗೆ ಕೂಡಿರುತ್ತದೆ. ಇದು ಗೊತ್ತಿಲ್ಲದೆ ಬ್ಯಾಟರಿ ತಿರುಗಿಸಿ ಹಾಕಿದವರು ಜನರೇಟರ್ ಹಾಳುಮಾಡಿಕೊಂಡಿದ್ದಾರೆ. "6 ವೋಲ್ಟ್ ಯಾವಾಗಲೂ ನಿಧಾನ" ಎಂಬ ದೂರಿಗೆ ಬಹುಪಾಲು ಕಾರಣ ತೆಳ್ಳನೆಯ ಕೇಬಲ್. ಅಷ್ಟೇ ಕೆಲಸಕ್ಕೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟು ಹರಿಯಬೇಕು, ಆದ್ದರಿಂದ 50ರಿಂದ 70 ಚದರ ಮಿ.ಮೀ. ತಾಮ್ರದ ಕೇಬಲ್ ಬೇಕು. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಮೈಗೆ ಕೂಡಿದ ತುದಿಗೂ ಎಂಜಿನ್ನಿಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್ ಬದಲಿಸಿದರೆ ಸಾಕು, 12 ವೋಲ್ಟಿಗೆ ಪರಿವರ್ತಿಸುವ ಖರ್ಚು ಬೇಕಿಲ್ಲ. ಬಟ್ಟೆ ಸುತ್ತಿದ ಹಳೆಯ ವೈರು ಬೆರಳಲ್ಲಿ ಬಗ್ಗಿಸಿದಾಗ ಪುಡಿಯಾಗುವಂತಿದ್ದರೆ ಇಡೀ ಹಾರ್ನೆಸ್ (ವೈರುಗಳ ಕಟ್ಟು) ಹೊಸದು ಹಾಕಬೇಕು. ಷೆವರ್ಲೆಯಲ್ಲಿ 1949ರಿಂದ ಪೆಟ್ರೋಲ್ ಟ್ಯಾಂಕ್ ಸೀಟಿನ ಹಿಂದೆ ಕ್ಯಾಬಿನೊಳಗೇ ಇದೆ. ಆ ಜಾಗದಲ್ಲಿ ಕೆಟ್ಟ ವೈರು ಮತ್ತು ಪೆಟ್ರೋಲ್ ವಾಸನೆ ಜೊತೆಯಾಗಿರಬಾರದು.

ಹಂತ 5: ಸೂಪರ್‌ಕಾರಿನ ಪರೀಕ್ಷೆ

ಇಲ್ಲಿ ಅಯಸ್ಕಾಂತಕ್ಕೆ ಕೆಲಸವಿಲ್ಲ. 458ರ ಮೈ ಅಲ್ಯೂಮಿನಿಯಂ, ಮೆಕ್‌ಲಾರೆನ್‌ನ ಒಡಲು ಕಾರ್ಬನ್ ಫೈಬರ್. ಬಣ್ಣದ ದಪ್ಪ ಅಳೆಯುವ ಮೀಟರ್ ಅಲ್ಯೂಮಿನಿಯಮ್ಮಿಗೂ ಹೊಂದುವಂಥದ್ದಾಗಿರಬೇಕು. ಕಾರ್ಬನ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಅಲ್ಟ್ರಾಸಾನಿಕ್ ಮೀಟರೇ ಬೇಕು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 1,000 ದಾಟಿದರೆ ಕೆಳಗೆ ಪುಟ್ಟಿ ಇದೆ. ಮುಂಬಂಪರಿಗೆ ಮತ್ತೆ ಬಣ್ಣ ಬಿದ್ದಿದ್ದರೆ ಅದು ಕಲ್ಲೇಟಿನ ಫಲ, ಗಾಬರಿ ಬೇಡ. ಛಾವಣಿ ಅಥವಾ ಬಾಗಿಲ ಕಂಬದಲ್ಲಿ ಅಂಕಿ ಏರಿದ್ದರೆ ಎದ್ದು ಬನ್ನಿ.

ಎರಡನೆಯದು ಕಂಪ್ಯೂಟರ್. ಆ ಬ್ರಾಂಡಿನ ಡಯಗ್ನೊಸ್ಟಿಕ್ ಉಪಕರಣ ಇರುವ ವರ್ಕ್‌ಶಾಪಿನಲ್ಲೇ ಪರೀಕ್ಷೆ ಮಾಡಿಸಬೇಕು. ಅದೂ ಮಾರುವವರಿಗೆ ಸಂಬಂಧವಿಲ್ಲದ ವರ್ಕ್‌ಶಾಪು. ಕೇಳಬೇಕಾದ್ದು ಇವಿಷ್ಟು:

- ದಾಖಲಾದ ದೋಷಸಂಕೇತಗಳೆಲ್ಲದರ ಪ್ರತಿ. ಪಟ್ಟಿ ಪೂರ್ತಿ ಖಾಲಿ ಇದ್ದರೆ ನಿನ್ನೆ ತಾನೇ ಅಳಿಸಿದ್ದಾರೆಯೇ ಎಂದು ಅನುಮಾನಿಸಿ, 50 ಕಿ.ಮೀ. ಓಡಿಸಿ ಮತ್ತೊಮ್ಮೆ ಓದಿಸಿ.
- ಎಂಜಿನ್, ಗೇರ್‌ಬಾಕ್ಸ್ ಮತ್ತು ಮೀಟರ್ ಫಲಕ ಹೇಳುವ ಕಿ.ಮೀ. ಅಥವಾ ಗಂಟೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ.
- ಮಿತಿ ಮೀರಿ ಎಂಜಿನ್ ಸುತ್ತಿದ ದಾಖಲೆ. ಪೋರ್ಷೆಯಲ್ಲಿ ಇದು ಆರು ಹಂತಗಳಲ್ಲಿ ದಾಖಲಾಗುತ್ತದೆ. ಮೇಲಿನ ಮೂರು ಹಂತಗಳಲ್ಲಿ ಅಂಕಿ ಇದ್ದರೆ, ಅದಾದ ಮೇಲೆ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ನೋಡಿ. ನೂರಾರು ಗಂಟೆ ಕಳೆದಿದ್ದರೆ ಅಪಾಯ ಕಡಿಮೆ.
- ಗಲ್ಲಾರ್ಡೊ ಇ-ಗೇರಿನಂಥ ಕಾರಿನಲ್ಲಿ ಕ್ಲಚ್ ಎಷ್ಟು ಶೇಕಡ ಸವೆದಿದೆ.

458ರ ಏಳು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಕ್ಲಚ್ ಸಾಮಾನ್ಯವಾಗಿ ಬಾಳುತ್ತದೆ. ಕೈಕೊಡುವುದು ಒಳಗಿನ ಸೆನ್ಸರು ಮತ್ತು ಸೀಲುಗಳು. ಗೇರ್ ಬೀಳದೆ ಎಚ್ಚರಿಕೆ ಬಂದು ಕಾರು ನಿಂತುಬಿಡುತ್ತದೆ. ಬೆರಳಗಲದ ಸೆನ್ಸರಿಗಾಗಿ ಇಡೀ ಗೇರ್‌ಬಾಕ್ಸ್ ಬದಲಿಸಬೇಕೆಂದು ಹೇಳಿದ ಕಾಲವಿತ್ತು, ಈಗ ಪರಿಣತ ಸ್ವತಂತ್ರ ವರ್ಕ್‌ಶಾಪುಗಳು ಬಿಚ್ಚಿ ಸರಿಪಡಿಸುತ್ತವೆ. ನಿಮಗೆ ತಲುಪುವ ದೂರದಲ್ಲಿ ಅಂಥವರು ಇದ್ದಾರೆಯೇ ಎಂಬುದನ್ನು ಕಾರಿನ ಪರೀಕ್ಷೆಗಿಂತ ಮೊದಲೇ ತಿಳಿದುಕೊಳ್ಳಿ.

ಬೇರೆ ಕಾರುಗಳಿಗೆ ಬೇರೆ ಬೇನೆ. ಫೆರಾರಿ ಎಫ್355 ಮತ್ತು 360ರಲ್ಲಿ ಟೈಮಿಂಗ್ ಬೆಲ್ಟನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಎಫ್355ರಲ್ಲಿ ಅದಕ್ಕಾಗಿ ಎಂಜಿನ್ನನ್ನೇ ಇಳಿಸುತ್ತಾರೆ. ಎಫ್430ರಿಂದ ಚೈನು ಬಂದು ಆ ಖರ್ಚು ತಪ್ಪಿತು, ಆದರೆ ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರಿಯುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಬರುವ ಟಿಕ್‌ಟಿಕ್ ಸದ್ದು ಬಿಸಿಯಾದಂತೆ ಕಡಿಮೆಯಾದರೆ ಅದೇ. ಮೆಕ್‌ಲಾರೆನ್ 12ಸಿಯಲ್ಲಿ ಸಸ್ಪೆನ್ಷನ್ನಿನ ಅನಿಲ ತುಂಬಿದ ಅಕ್ಯುಮುಲೇಟರುಗಳು ಸೋತು ಕಾರು ಗಡುಸಾಗುತ್ತದೆ. ಹತ್ತು ವರ್ಷ ದಾಟಿದ ಫೆರಾರಿಗಳ ಒಳಗಿನ ಗುಂಡಿಗಳ ಮೃದು ಲೇಪ ಕರಗಿ ಬೆರಳಿಗೆ ಅಂಟುತ್ತದೆ. ಬಿಸಿಲಿಗೆ ನಿಂತಿದ್ದರೆ ಡ್ಯಾಶ್‌ಬೋರ್ಡಿನ ಚರ್ಮ ಕುಗ್ಗಿ ಗಾಜಿನ ಬಳಿ ಎದ್ದಿರುತ್ತದೆ.

ಕಾರನ್ನು ಲಿಫ್ಟಿನ ಮೇಲೇರಿಸಿ ತಳದ ಮುಚ್ಚಳ ಬಿಚ್ಚಿಸಿ. ಗೇರ್‌ಬಾಕ್ಸ್ ಸೀಲಿನ ಸುತ್ತ ಎಣ್ಣೆ, ಡ್ಯಾಂಪರಿನಲ್ಲಿ ಸೋರಿಕೆ, ರೇಡಿಯೇಟರ್ ಮುಂದೆ ಸೇರಿದ ಎಲೆ-ಕಸ, ಜಾಕ್ ಇಡುವ ಜಾಗದಲ್ಲಿ ಜಜ್ಜಿದ ಗುರುತು ನೋಡಿ. ಮುಚ್ಚಳದ ಬೋಲ್ಟುಗಳಲ್ಲಿ ಅರ್ಧ ಇಲ್ಲದಿದ್ದರೆ ಹಿಂದಿನ ಮೆಕ್ಯಾನಿಕ್ ಎಂಥವನೆಂದು ಅದೇ ಹೇಳುತ್ತದೆ. ಕಾರ್ಬನ್ ಸೆರಾಮಿಕ್ ಡಿಸ್ಕುಗಳನ್ನು ಕಣ್ಣಳತೆಯಲ್ಲಿ ತೀರ್ಮಾನಿಸಲಾಗದು. ಟ್ರ್ಯಾಕಿನ ಬಿಸಿಗೆ ಅವು ತೆಳ್ಳಗಾಗುವ ಬದಲು ಒಳಗಿಂದ ಸುಟ್ಟು ಹಗುರಾಗುತ್ತವೆ. ಅದಕ್ಕೇ ಹಲವು ಡಿಸ್ಕುಗಳ ಮೇಲೆ ಕನಿಷ್ಠ ತೂಕ ಕೊರೆದಿರುತ್ತದೆ, ಬಿಚ್ಚಿ ತೂಗಿಸಿ. ಚಕ್ರ ತೆಗೆಯುವಾಗ ರಿಮ್ ತಾಗಿ ಅಂಚು ಚಕ್ಕೆ ಎದ್ದಿರುವುದೂ ಸಾಮಾನ್ಯ. ಟೈರಿನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಪಟ್ಟಿ ಎಷ್ಟೇ ಇದ್ದರೂ ಬದಲಿಸಬೇಕು. ರಬ್ಬರು ಗಡುಸಾದ ಟೈರು 500 ಅಶ್ವಶಕ್ತಿಯ ಒತ್ತಡಕ್ಕೆ ಹಿಡಿತವನ್ನೇ ಕೊಡುವುದಿಲ್ಲ.

ಎರಡು ಕೀಲಿ, ಟೂಲ್‌ಕಿಟ್, ಪುಸ್ತಕಗಳು, ಕಾರಿನೊಂದಿಗೆ ಬಂದ ಚಾರ್ಜರು ಎಲ್ಲವೂ ಇರಲಿ. ಬಿಡಿಯಾಗಿ ಕೊಳ್ಳಹೋದರೆ ಇವು ದುಬಾರಿ.

ಹಂತ 6: ಹತ್ತು ವರ್ಷದ ಲೆಕ್ಕ

ಕೊಳ್ಳುವ ಬೆಲೆಯೊಂದನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಹಾಳೆಯಲ್ಲಿ ಎರಡು ಅಂಕಣ ಮಾಡಿ. ಬೆಲೆ, ಪರೀಕ್ಷೆ, ಸಾಗಣೆ, ನೋಂದಣಿ, ಹತ್ತು ವರ್ಷದ ವಿಮೆ, ಹತ್ತು ಸರ್ವಿಸು, ಎರಡು ಸೆಟ್ ಟೈರು, ಎರಡು-ಮೂರು ಬ್ಯಾಟರಿ ಬರೆಯಿರಿ. ಟೈರನ್ನು ಕಿ.ಮೀ. ಮೇಲೆ ಲೆಕ್ಕ ಹಾಕಬೇಡಿ, ವಯಸ್ಸಿನ ಮೇಲೆ ಹಾಕಿ. ಕೊನೆಗೆ ಪ್ರತಿ ಅಂಕಣದಲ್ಲಿ ಒಂದು ದೊಡ್ಡ ಹೊಡೆತಕ್ಕೆ ಹಣ ತೆಗೆದಿಡಿ: ಸೂಪರ್‌ಕಾರಿಗೆ ಒಂದು ಗೇರ್‌ಬಾಕ್ಸ್ ರಿಪೇರಿ, ಪಿಕಪ್ಪಿಗೆ ಒಂದು ಪೂರ್ತಿ ಟಿಂಕರಿಂಗ್ ಮತ್ತು ಬಣ್ಣ. ಪಿಕಪ್ಪಿನ ಹೊಡೆತ ಯಾವಾಗ ಬರುತ್ತದೆಂದು ನೀವೇ ನಿಗದಿ ಮಾಡಬಹುದು, ಕ್ಯಾಬಿನ ಮೂಲೆ ಇನ್ನೆರಡು ವರ್ಷ ಕಾಯುತ್ತದೆ. ಗೇರ್‌ಬಾಕ್ಸ್ ಕಾಯುವುದಿಲ್ಲ. ತೆಗೆದಿಟ್ಟ ಹಣ ಕೈಯಲ್ಲೇ ಇರಬೇಕಾದ್ದು ಸೂಪರ್‌ಕಾರಿನವರಿಗೆ.

ಬೆಲೆ ನಡೆಯುವ ದಾರಿಯೂ ಬೇರೆ. ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಸೂಪರ್‌ಕಾರ್ ಮೊದಲ ವರ್ಷಗಳಲ್ಲಿ ಜಾರುತ್ತದೆ, ಒಂದು ತಳ ಮುಟ್ಟಿ ನಿಲ್ಲುತ್ತದೆ. ಅಲ್ಲಿಂದ ಏರುವುದು ಕಡಿಮೆ ತಯಾರಾದವು, ಕೈಗೇರಿನವು, ಟರ್ಬೊ ಇಲ್ಲದ ಕೊನೆಯ ತಲೆಮಾರಿನವು. ಜಾರಿ ಮುಗಿದ ಹಂತದಲ್ಲಿ ಕೊಳ್ಳುವುದೇ ಜಾಣತನ, ಮೊದಲ ಇಳಿಕೆ ಇನ್ನೊಬ್ಬರ ಖಾತೆಗೆ ಹೋಗಿರುತ್ತದೆ. ಪಿಕಪ್ಪಿನಲ್ಲಿ ನಷ್ಟ ಬರುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಅರ್ಧ ಬಿಚ್ಚಿದ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತಂದು, ಅದರ ಬೆಲೆಗಿಂತ ಹೆಚ್ಚು ಹಣ ಅದಕ್ಕೇ ಸುರಿಯುವುದು. ಬೇರೆಯವರು ಮುಗಿಸಿದ, ಚಿತ್ರ ಮತ್ತು ಬಿಲ್ಲುಗಳ ದಾಖಲೆ ಇರುವ ಪಿಕಪ್ ಕೊಂಡರೆ ಹೊಸದಾಗಿ ಮಾಡಿಸುವುದಕ್ಕಿಂತ ಸಾಮಾನ್ಯವಾಗಿ ಅಗ್ಗ.

ವಿಮೆಯನ್ನು ಎರಡಕ್ಕೂ ಮೊದಲೇ ಒಪ್ಪಿದ ಮೌಲ್ಯದ ಮೇಲೆ ಮಾಡಿಸಿ. ಸಾಮಾನ್ಯ ವಿಮೆ ಸವಕಳಿ ಕಳೆದು ಕೊಡುತ್ತದೆ; 1950ರ ಗಾಡಿಗೆ ಆ ಲೆಕ್ಕದಲ್ಲಿ ಏನೂ ಉಳಿಯುವುದಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ: ಸ್ವಂತ ಕೈಯಿಂದ ಕೆಲಸ ಮಾಡುವ ಇಷ್ಟ, ಒಳ್ಳೆಯ ವೆಲ್ಡರ್ ಪರಿಚಯ ಎರಡೂ ಇದ್ದರೆ 1954ರ ಷೆವರ್ಲೆ ಅಥವಾ 1956ರ ಫೋರ್ಡ್ ಆರಿಸಿ. ಕೆಲಸ ಮಾಡಿಸಲು ಹಣ ಇದೆ, ಮಾಡಲು ಸಮಯವಿಲ್ಲ, ಪರಿಣತ ವರ್ಕ್‌ಶಾಪ್ ಹತ್ತಿರವಿದೆ ಎಂದರೆ ಸೂಪರ್‌ಕಾರ್. ಇವೆರಡೂ ಇಲ್ಲದವರು ಇನ್ನೊಂದು ವರ್ಷ ಹುಡುಕುತ್ತಲೇ ಇರಲಿ.

ಹಂತ 7: ಮನೆಗೆ ತಂದ ಮೇಲೆ

ಪಿಕಪ್ಪಿಗೆ ಮೊದಲ ವಾರವೇ ಎಲ್ಲ ದ್ರವ ಬದಲಿಸಿ: ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಆಯಿಲ್, ಬ್ರೇಕ್ ಆಯಿಲ್, ರೇಡಿಯೇಟರ್ ನೀರು. ಎಂಜಿನ್ ಆಯಿಲಿನಲ್ಲಿ ಸತು ಮತ್ತು ರಂಜಕದ ಅಂಶ ದಶಲಕ್ಷಕ್ಕೆ 1,000-1,200ರಷ್ಟು ಇರುವಂಥದ್ದನ್ನು ಆರಿಸಿ. ಇಂದಿನ ಕಾರುಗಳ ಆಯಿಲಿನಲ್ಲಿ ಇದು ಕಡಿಮೆ, ಹಳೆಯ ಎಂಜಿನ್ನುಗಳ ಚಪ್ಪಟೆ ಟ್ಯಾಪೆಟ್ಟು ಮತ್ತು ಕ್ಯಾಮು ಬೇಗ ಸವೆಯುತ್ತವೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪನ್ನು ತಿನ್ನುತ್ತದೆ, ಎಥನಾಲ್ ತಾಳುವ ಪೈಪು ಹಾಕಿ. ಇವೆಲ್ಲ ಸೀಸ ಬೆರೆತ ಪೆಟ್ರೋಲಿನ ಕಾಲದ ಎಂಜಿನ್ನುಗಳು. ನಿಧಾನ ಓಟಕ್ಕೆ ತೊಂದರೆಯಿಲ್ಲ. ಮುಂದೆಂದಾದರೂ ಹೆಡ್ ಬಿಚ್ಚಿದಾಗ ಗಡುಸು ಉಕ್ಕಿನ ವಾಲ್ವ್ ಸೀಟ್ ಕೂರಿಸಿಬಿಡಿ.

ಸೂಪರ್‌ಕಾರಿಗೆ ಮೊದಲ ಕೆಲಸ ಬ್ಯಾಟರಿಗೆ ಚಾರ್ಜರ್ ಜೋಡಿಸುವುದು. ನಿಂತಾಗಲೂ ಅಲಾರಂ, ಟ್ರ್ಯಾಕರ್, ಕಂಟ್ರೋಲ್ ಯೂನಿಟ್ಟುಗಳು ಕರೆಂಟು ಹೀರುತ್ತಿರುತ್ತವೆ, ಎರಡು-ಮೂರು ವಾರದಲ್ಲಿ ಬ್ಯಾಟರಿ ಕುಸಿಯುತ್ತದೆ. ಕುಸಿದ ವೋಲ್ಟೇಜಿನಲ್ಲಿ ಸ್ಟಾರ್ಟ್ ಮಾಡಿದರೆ ಸಂಬಂಧವೇ ಇಲ್ಲದ ಹತ್ತಾರು ಎಚ್ಚರಿಕೆ ದೀಪ ಹತ್ತುತ್ತವೆ. ದೋಷ ಹುಡುಕುವ ಮುನ್ನ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ.

ಎರಡಕ್ಕೂ ಅನ್ವಯಿಸುವ ಒಂದು ಮಾತು: ವಾರಕ್ಕೊಮ್ಮೆ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಆರಿಸುವುದು ಕೆಟ್ಟ ಅಭ್ಯಾಸ. ಎಂಜಿನ್ ಬಿಸಿಯಾಗದೆ ಆಯಿಲಿನಲ್ಲಿ ನೀರಿನಂಶ ಉಳಿಯುತ್ತದೆ, ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯುತ್ತದೆ. ಓಡಿಸಿದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವೇ ಮುಟ್ಟಬೇಡಿ. ಮೂರು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಸೂಪರ್‌ಕಾರಿನ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಬೆರೆಸಿ. ಪಿಕಪ್ಪಿನಲ್ಲಿ ಪೆಟ್ರೋಲ್ ಕಾಕ್ ಅಥವಾ ಪೈಪು ಮುಚ್ಚಿ, ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ಆರಿಸಿ, ಇಲ್ಲದಿದ್ದರೆ ಒಳಗೆ ಅಂಟು ಕಟ್ಟುತ್ತದೆ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಚಕ್ರಕ್ಕೆ ಅಡ್ಡಕಟ್ಟೆ ಇಡಿ. ಗ್ಯಾರೇಜಿನ ತೇವಾಂಶ 50 ಶೇಕಡದ ಆಸುಪಾಸಿನಲ್ಲಿರಲಿ. ಎಕ್ಸಾಸ್ಟ್ ಕೊಳವೆ ಮತ್ತು ಗಾಳಿ ಒಳಹೋಗುವ ಬಾಯಿಗಳನ್ನು ತಂತಿ ಜಾಲರಿಯಿಂದ ಮುಚ್ಚಿ, ಇಲಿ ಒಳಸೇರಿದರೆ ವೈರು ಕಡಿಯುತ್ತದೆ. ಮುಚ್ಚಿದ್ದನ್ನು ನೆನಪಿಸುವ ಒಂದು ಚೀಟಿಯನ್ನು ಸ್ಟೀರಿಂಗಿಗೆ ಕಟ್ಟಿಡಿ.